ಚೆಕ್ ಕಲಿಯಲು ಬೇಸಿಗೆ ಶಾಲೆಗೆ ಹೊರಡುವವರಿಗೆ

ನಮ್ಮಲ್ಲಿ ಆಷಾಢದ ಮಳೆ ಹಿಡಿಯುವ ಹೊತ್ತಿಗೆ ಚೆಕ್ ದೇಶದಲ್ಲಿ ಬೇಸಿಗೆ ರಜೆ ಶುರುವಾಗಿರುತ್ತದೆ. ವಿಶ್ವವಿದ್ಯಾಲಯಗಳ ಹಾಸ್ಟೆಲುಗಳು ಖಾಲಿ. ಆ ಕೋಣೆಗಳಿಗೆ ಜುಲೈ–ಆಗಸ್ಟಿನಲ್ಲಿ ಬೇರೆ ಬೇರೆ ದೇಶಗಳವರು ಬಂದು ಸೇರುತ್ತಾರೆ. ಬೆಳಗ್ಗೆ ಭಾಷೆಯ ಪಾಠ, ಮಧ್ಯಾಹ್ನ ಇತಿಹಾಸ ಅಥವಾ ಸಾಹಿತ್ಯದ ಉಪನ್ಯಾಸ, ಸಂಜೆ ಸಿನಿಮಾ ಇಲ್ಲವೇ ಜನಪದ ಹಾಡು, ವಾರದ ಕೊನೆಗೆ ಹಳೆಯ ಊರು, ಕೋಟೆಗಳ ಸುತ್ತಾಟ. ಸಾಮಾನ್ಯವಾಗಿ ಮೂರರಿಂದ ನಾಲ್ಕು ವಾರ. ಚೆಕ್ಕಿನಲ್ಲಿ ಇದನ್ನು 'ಲೆತ್ನೀ ಶ್ಕೊಲ' ಅಂತಾರೆ, ಅಂದರೆ ಬೇಸಿಗೆ ಶಾಲೆ.

ಇದಕ್ಕೆ ಭಾಷಾಶಾಸ್ತ್ರದ ಪದವಿ ಬೇಕಿಲ್ಲ. ಅನುವಾದದ ಆಸೆ ಇರುವವರು, ಯುರೋಪಿನ ಇತಿಹಾಸ ಓದುವವರು, ಚೆಕ್ ಕಂಪನಿಗಳಲ್ಲಿ ಕೆಲಸ ಮಾಡುವವರು, ಸುಮ್ನೆ ಕುತೂಹಲಕ್ಕೆ ಬರುವವರು, ಎಲ್ಲರೂ ಇರುತ್ತಾರೆ. ನಾನು ಕಂಡುಕೊಂಡ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡ ಬಲ್ಲವರಿಗೆ ಚೆಕ್ ಅಂದುಕೊಂಡಷ್ಟು ಕಷ್ಟವಲ್ಲ. ಆದರೆ ಅದನ್ನು ಇಂಗ್ಲಿಷಿನ ಪಕ್ಕದಲ್ಲಿಟ್ಟು ಕಲಿಯಬಾರದು, ಕನ್ನಡದ ಪಕ್ಕದಲ್ಲಿಟ್ಟು ಕಲಿಯಬೇಕು. ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

1. ಮೊದಲು ಊರು ಆರಿಸಿಕೊಳ್ಳಿ

ಪ್ರಾಗಿನಲ್ಲಿ ಚಾರ್ಲ್ಸ್ ವಿಶ್ವವಿದ್ಯಾಲಯ, ಬ್ರ್ನೊದಲ್ಲಿ ಮಸಾರಿಕ್ ವಿಶ್ವವಿದ್ಯಾಲಯ, ಒಲೊಮೌತ್ಸಿನಲ್ಲಿ ಪಲಾತ್ಸ್ಕೀ ವಿಶ್ವವಿದ್ಯಾಲಯ. ಈ ಮೂರೂ ಕಡೆ 'ಸ್ಲಾವ್ ಅಧ್ಯಯನದ ಬೇಸಿಗೆ ಶಾಲೆ' ಎಂಬ ಹೆಸರಿನಲ್ಲೇ ಕೋರ್ಸು ನಡೆಯುತ್ತದೆ. ಸ್ಲಾವ್ ಅಂದರೆ ಚೆಕ್, ಪೋಲಿಷ್, ರಷ್ಯನ್ ಸೇರಿದ ಭಾಷೆಗಳ ಬಳಗ. ದಕ್ಷಿಣದ ಚೆಸ್ಕೆ ಬುದ್ಯೆಯೊವಿತ್ಸೆ ಊರಿನಲ್ಲೂ ಇದೆ. ಚಾರ್ಲ್ಸ್ ವಿಶ್ವವಿದ್ಯಾಲಯದ ಭಾಷಾ ಸಂಸ್ಥೆ ಪೊದ್ಯೆಬ್ರದಿಯಂಥ ಚಿಕ್ಕ ಊರಿನಲ್ಲೂ ಪಾಠ ನಡೆಸುತ್ತದೆ.

ಎಲ್ಲರ ಕಣ್ಣೂ ಪ್ರಾಗಿನ ಮೇಲೆಯೇ. ಅದು ತಪ್ಪಲ್ಲ, ಅಷ್ಟು ಚೆಂದದ ಊರು ಅದು. ಆದರೆ ಪ್ರಾಗಿನ ನಡುಭಾಗದಲ್ಲಿ ನೀವು ತಡವರಿಸಿ ಒಂದು ಚೆಕ್ ವಾಕ್ಯ ಹೇಳುವಷ್ಟರಲ್ಲಿ ಎದುರಿನವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿರುತ್ತಾರೆ. ಬೆಂಗಳೂರಿನಲ್ಲಿ ಕನ್ನಡ ಕಲಿಯಲು ಹೊರಟವರ ಪಾಡು ನಮಗೆ ಗೊತ್ತಲ್ವಾ, ಹಾಗೆಯೇ ಇದು. ಮಾತನಾಡಲು ಕಲಿಯುವುದೇ ಗುರಿಯಾದರೆ ಒಲೊಮೌತ್ಸ್ ಅಥವಾ ಬ್ರ್ನೊ ಆರಿಸಿಕೊಳ್ಳಿ. ಅಲ್ಲಿಂದ ಪ್ರಾಗಿಗೆ ರೈಲಿನಲ್ಲಿ ಎರಡು, ಎರಡೂವರೆ ಗಂಟೆ. ಒಂದು ಶನಿವಾರ ಹೋಗಿ ಬರಬಹುದು.

ಬ್ರ್ನೊ ನನಗೆ ಇಷ್ಟವಾದ ಊರು. ಶಾಲೆಯಲ್ಲಿ ನಾವೆಲ್ಲ ಓದಿದ ಮೆಂಡೆಲನ ಬಟಾಣಿ ಗಿಡಗಳು ಬೆಳೆದಿದ್ದು ಇಲ್ಲಿನ ಮಠದ ತೋಟದಲ್ಲಿ. ಇಲ್ಲಿನ ದೊಡ್ಡ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹನ್ನೆರಡಕ್ಕೆ ಹೊಡೆಯುವುದಿಲ್ಲ, ಹನ್ನೊಂದಕ್ಕೇ ಹೊಡೆಯುತ್ತದೆ. 1645ರಲ್ಲಿ ಸ್ವೀಡನ್ನಿನ ಸೇನೆ ಮುತ್ತಿಗೆ ಹಾಕಿದ್ದಾಗ, ಮಧ್ಯಾಹ್ನದೊಳಗೆ ಊರು ಗೆಲ್ಲದಿದ್ದರೆ ವಾಪಸು ಹೋಗುತ್ತೇನೆ ಎಂದು ಸೇನಾಪತಿ ಹೇಳಿದ್ದನಂತೆ. ಊರಿನವರು ಒಂದು ಗಂಟೆ ಮೊದಲೇ ಗಂಟೆ ಬಾರಿಸಿಬಿಟ್ಟರು ಎಂಬುದು ಅಲ್ಲಿನ ಕಥೆ. 1992ರಲ್ಲಿ ಚೆಕ್ ಮತ್ತು ಸ್ಲೊವಾಕ್ ನಾಯಕರು ದೇಶ ಎರಡಾಗುವ ಮಾತುಕತೆಗೆ ಕೂತಿದ್ದೂ ಇದೇ ಊರಿನ ತುಗೆಂದ್‌ಹಾತ್ ಎಂಬ ಮನೆಯಲ್ಲಿ.

2. ತಿಂಗಳ ಲೆಕ್ಕ ಹಾಕಿ

ಜುಲೈ ಕೋರ್ಸಿಗೆ ಏಪ್ರಿಲಿನಲ್ಲಿ ಎದ್ದರೆ ತಡವಾಯಿತು ಅಂತಲೇ ತಿಳಿಯಿರಿ. ಡಿಸೆಂಬರ್ ಹೊತ್ತಿಗೆ ಆಯಾ ವಿಶ್ವವಿದ್ಯಾಲಯದ ಜಾಲತಾಣ ನೋಡಲು ಶುರು ಮಾಡಿ. ಚೆಕ್ ಶಿಕ್ಷಣ ಸಚಿವಾಲಯ ಬೇಸಿಗೆ ಶಾಲೆಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಅದನ್ನು ದೇಶದೇಶಗಳ ನಡುವಿನ ಒಪ್ಪಂದದ ಮೇಲೆ ಹಂಚುತ್ತಾರೆ. ಆ ವರ್ಷದ ಪಟ್ಟಿಯಲ್ಲಿ ಭಾರತ ಇದೆಯೇ, ಎಷ್ಟು ಜಾಗ ಇದೆ ಎಂದು ದೆಹಲಿಯ ಚೆಕ್ ರಾಯಭಾರ ಕಚೇರಿಗೆ ಒಂದು ಇಮೇಲ್ ಬರೆದು ಕೇಳಿಬಿಡಿ. ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ದಿನ ಕೋರ್ಸಿನ ಅರ್ಜಿಗಿಂತ ಬಹಳ ಮುಂಚೆ ಬರುತ್ತದೆ. ಹೆಚ್ಚಿನವರು ಅವಕಾಶ ಕಳೆದುಕೊಳ್ಳುವುದು ಅಲ್ಲೇ.

ಶುಲ್ಕ ಹೋಲಿಸುವಾಗ ಒಂದು ಮೊತ್ತ ನೋಡಿ ತೀರ್ಮಾನಕ್ಕೆ ಬರಬೇಡಿ. ಒಂದು ಕಡೆ ಹಾಸ್ಟೆಲ್, ಊಟ, ಪ್ರವಾಸ ಎಲ್ಲ ಸೇರಿರುತ್ತದೆ. ಇನ್ನೊಂದು ಕಡೆ ಪಾಠ ಮಾತ್ರ. ಒಬ್ಬರೇ ಇರುವ ಕೋಣೆಯೋ ಇಬ್ಬರದೋ, ಮಧ್ಯಾಹ್ನದ ಊಟ ಮಾತ್ರವೋ ಮೂರೂ ಹೊತ್ತಿನದೋ ಕೇಳಿ ಬರೆದಿಟ್ಟುಕೊಳ್ಳಿ. ವೀಸಾ ಸಿಗದಿದ್ದರೆ ಹಣ ವಾಪಸು ಕೊಡುತ್ತಾರೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಬೇಕು.

3. ವೀಸಾ

90 ದಿನಕ್ಕಿಂತ ಕಡಿಮೆ ಇರುವ ಕೋರ್ಸಿಗೆ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ) ಅಲ್ಪಾವಧಿ ವೀಸಾ ಸಾಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಕೊನೇಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. ಆದರೆ ಬೇಸಿಗೆಯಲ್ಲಿ ಇಡೀ ಭಾರತವೇ ಯುರೋಪಿಗೆ ಹೊರಟಿರುತ್ತದೆ. ಅರ್ಜಿ ಕೊಡುವ ದಿನ ಸಿಗುವುದೇ ಕಷ್ಟ. ಕೋರ್ಸಿನ ಪ್ರವೇಶ ಪತ್ರ ಬಂದ ದಿನವೇ ದಿನಾಂಕ ಕಾಯ್ದಿರಿಸಿ.

ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಮರಳುವ ದಿನದ ನಂತರವೂ ಮೂರು ತಿಂಗಳು ಜೀವ ಇರಬೇಕು, ಎರಡು ಖಾಲಿ ಪುಟ ಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ, ಪ್ರವೇಶ ಪತ್ರ, ಉಳಿಯುವ ಜಾಗದ ಕಾಗದ, ಬ್ಯಾಂಕ್ ಖಾತೆಯ ವಿವರ, ಊರಿಗೆ ವಾಪಸು ಬರುತ್ತೀರಿ ಎಂಬುದಕ್ಕೆ ಕಾಲೇಜು ಅಥವಾ ಕೆಲಸದ ಕಡೆಯ ಪತ್ರ ಇವೆಲ್ಲ ಜೊತೆಗೆ ಇರಲಿ. ದೊಡ್ಡವರ ವೀಸಾ ಶುಲ್ಕ 2024ರ ಜೂನಿನಿಂದ 90 ಯೂರೊ. ನಾಲ್ಕು ವಾರದ ಕೋರ್ಸಿಗೆ ನಾಲ್ಕೇ ವಾರದ ವೀಸಾ ಕೇಳಬೇಡಿ. ಹಿಂದೆ ಮುಂದೆ ಒಂದೆರಡು ದಿನ ಸೇರಿಸಿ ಕೇಳಿ.

ಬೆಂಗಳೂರಿನಿಂದ ಹೋಗುವವರು ದುಬೈ, ದೋಹಾ ಅಥವಾ ಫ್ರಾಂಕ್‌ಫರ್ಟ್ ಮೂಲಕ ಹೋಗುವುದು ರೂಢಿ. ಬ್ರ್ನೊಗೆ ಹೋಗುವವರು ವಿಯೆನ್ನಾದಲ್ಲಿ ಇಳಿದರೆ ಹತ್ತಿರ. ಅಲ್ಲಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ.

4. ಕಿವಿ, ನಾಲಿಗೆ ಸಿದ್ಧ ಮಾಡಿಕೊಳ್ಳಿ

ಹೋಗುವ ಮೊದಲು ಎರಡು ತಿಂಗಳು, ದಿನಕ್ಕೆ ಅರ್ಧ ಗಂಟೆ ಇದಕ್ಕೆ ಕೊಡಿ. ಡ್ಯುಯೊಲಿಂಗೊದಲ್ಲಿ ಚೆಕ್ ಇದೆ. ರೇಡಿಯೊ ಪ್ರಾಗ್ ಕೇಳಬಹುದು. ಅರ್ಥವಾಗದಿದ್ದರೂ ಪರವಾಗಿಲ್ಲ, ಕಿವಿಗೆ ಬಿದ್ದಿರಬೇಕು.

ಇಂಗ್ಲಿಷ್ ಮಾತಾಡುವವರು ತಿಂಗಳುಗಟ್ಟಲೆ ಒದ್ದಾಡುವ ಕೆಲವು ಸದ್ದುಗಳು ನಮಗೆ ಹುಟ್ಟಿನಿಂದಲೇ ಬಂದಿವೆ. ಚೆಕ್ಕಿನಲ್ಲಿ ಸ್ವರಗಳಿಗೆ ಹ್ರಸ್ವ, ದೀರ್ಘ ಇದೆ. ಅಕ್ಷರದ ತಲೆಯ ಮೇಲೆ ಓರೆ ಗೆರೆ ಇದ್ದರೆ ಅದು ದೀರ್ಘ. ನಮಗೆ 'ಕಡು' ಬೇರೆ, 'ಕಾಡು' ಬೇರೆ ಇದ್ದಂತೆ ಅವರಿಗೂ ಅರ್ಥ ಬದಲಾಗುತ್ತದೆ. ಪದದ ಮೊದಲ ಅಕ್ಷರಕ್ಕೆ ಒತ್ತು ಕೊಡುತ್ತಾರೆ. ಅವರ ತ, ದ ನಮ್ಮ ತ, ದ ಇದ್ದ ಹಾಗೆಯೇ. ಇಂಗ್ಲಿಷಿನ ಅಭ್ಯಾಸದಲ್ಲಿ ಟ, ಡ ಅನ್ನಬೇಡಿ. ಪ, ತ, ಕ ಹೇಳುವಾಗ ಉಸಿರು ಬಿಡುವುದಿಲ್ಲ, ನಮ್ಮ ಅಲ್ಪಪ್ರಾಣದಂತೆ. ಅವರ ಹ ಕೂಡ ನಮ್ಮ ಹಕಾರವೇ.

ಹೊಸದಾಗಿ ಕಲಿಯಬೇಕಾದ್ದು ಒಂದು ರಕಾರ, ತಲೆಯ ಮೇಲೆ ಪುಟ್ಟ ಕೊಂಡಿ ಇರುವಂಥದ್ದು. ಸಂಗೀತಗಾರ ದ್ವೊರ್ಝಾಕ್ ಹೆಸರಿನಲ್ಲಿ ಇರುವುದು ಅದೇ. 'ರ್' ಎಂದು ನಾಲಿಗೆ ನಡುಗಿಸುತ್ತಲೇ, ಅದೇ ಉಸಿರಿನಲ್ಲಿ 'ಝ್' ಎನ್ನಬೇಕು. ಬಾರದಿದ್ದರೆ ಬೇಸರ ಬೇಡ, ಚೆಕ್ ಮಕ್ಕಳಿಗೂ ಅದು ಕೊನೆಗೆ ಬರುವ ಅಕ್ಷರ. ಇನ್ನು ಸ್ವರವೇ ಇಲ್ಲದ ಪದಗಳು: ಬೆರಳಿಗೆ 'ಪ್ರ್‌ಸ್ತ್', ತೋಳಕ್ಕೆ 'ವ್ಲ್ಕ್'. ಅಲ್ಲಿ ರ್, ಲ್ ಸದ್ದುಗಳೇ ಸ್ವರದ ಕೆಲಸ ಮಾಡುತ್ತವೆ. ನಮ್ಮ ಅಕ್ಷರಮಾಲೆಯಲ್ಲಿ ಋ ಸ್ವರಗಳ ಸಾಲಿನಲ್ಲಿ ಏಕೆ ಕೂತಿದೆ ಎಂದು ಚಿಕ್ಕಂದಿನಲ್ಲಿ ನನಗೆ ತಿಳಿದಿರಲಿಲ್ಲ. 'ವ್ಲ್ಕ್' ಕೇಳಿದ ಮೇಲೆ ತಿಳಿಯಿತು. ಅದು ನಮ್ಮ 'ವೃಕ'ದ ದೂರದ ನೆಂಟ.

ಇಂಥ ನೆಂಟರು ಬೇಕಾದಷ್ಟಿದ್ದಾರೆ. ಕನ್ನಡ ದ್ರಾವಿಡ ಭಾಷೆಯಾದರೂ ಸಂಸ್ಕೃತದ ಪದಗಳನ್ನು ಮನೆಯೊಳಗೆ ತಂದುಕೊಂಡಿದೆ. ಸಂಸ್ಕೃತವೂ ಚೆಕ್ಕೂ ಒಂದೇ ಇಂಡೊ-ಯುರೋಪಿಯನ್ ಕುಟುಂಬದವು. ಹಾಗಾಗಿ 'ದೆನ್' ಅಂದರೆ ದಿನ. 'ನೆಬೆ' ಅಂದರೆ ಆಕಾಶ, ನಮ್ಮ ನಭ. 'ಬ್ರತ್ರ್' ಅಂದರೆ ಭ್ರಾತೃ, 'ವ್ದೊವ' ಅಂದರೆ ವಿಧವೆ, 'ದ್ವ' ಅಂದರೆ ಎರಡು, 'ಸ್ತೊ' ಅಂದರೆ ನೂರು. ಒಂದು ಪುಸ್ತಕದಲ್ಲಿ ಇವನ್ನು ಬರೆಯುತ್ತಾ ಹೋಗಿ. ಐವತ್ತು ಪದ ಬಾಯಿಪಾಠವಿಲ್ಲದೆ ಬರುತ್ತವೆ.

ಈಗ ವಿಭಕ್ತಿ. ಎಲ್ಲರೂ ಹೆದರುವುದು ಇದಕ್ಕೇ. ಚೆಕ್ಕಿನಲ್ಲಿ ಏಳು ವಿಭಕ್ತಿಗಳಿವೆ, ಅವನ್ನು ಅಲ್ಲಿನ ಮಕ್ಕಳೂ ಒಂದನೆಯದು, ಎರಡನೆಯದು ಎಂದು ಸಂಖ್ಯೆಯಿಂದಲೇ ಕಲಿಯುತ್ತಾರೆ. ನಾವು ಪ್ರಥಮಾ, ದ್ವಿತೀಯಾ ಎಂದು ಕಲಿತ ಹಾಗೆ! ಆದರೆ ಸಂಖ್ಯೆಗಳು ಹೊಂದುವುದಿಲ್ಲ. ಈ ಲೆಕ್ಕ ಬರೆದಿಟ್ಟುಕೊಳ್ಳಿ. ಅವರ ಎರಡನೆಯದು ನಮ್ಮ ಷಷ್ಠಿ. ಮೂರನೆಯದು ನಮ್ಮ ಚತುರ್ಥಿ. ನಾಲ್ಕನೆಯದು ನಮ್ಮ ದ್ವಿತೀಯಾ, 'ಅನ್ನು'. ಐದನೆಯದು ಸಂಬೋಧನೆ. ಆರನೆಯದು ನಮ್ಮ ಸಪ್ತಮಿ, 'ಅಲ್ಲಿ'. ಏಳನೆಯದು ನಮ್ಮ ತೃತೀಯಾ. ಊರಿನ ಹೆಸರು 'ಪ್ರಹ'. ಪ್ರಾಗಿನಲ್ಲಿ ಅನ್ನಲು 'ಫ್ ಪ್ರಜ಼ೆ', ಪ್ರಾಗನ್ನು ಅನ್ನಲು 'ಪ್ರಹು', ಪ್ರಾಗಿಗೆ ಅನ್ನಲು 'ದೊ ಪ್ರಹಿ'. ಗಮನಿಸಿ, ಕೊನೆಯದರಲ್ಲಿ ನಮ್ಮ 'ಗೆ' ಇದ್ದರೂ ಅವರು ಎರಡನೆಯ ವಿಭಕ್ತಿ ಹಾಕಿದರು. 'ದೊ' ಥರ ನಾಮಪದಕ್ಕಿಂತ ಮೊದಲು ಬರುವ ಪುಟ್ಟ ಪದ ಯಾವ ವಿಭಕ್ತಿ ಕೇಳುತ್ತದೆ ಎಂಬುದನ್ನು ಜೊತೆಜೊತೆಗೇ ಕಲಿಯಬೇಕು.

ನಮಗೆ ನಿಜವಾಗಿ ಹೊಸದು ಲಿಂಗ. ಕನ್ನಡದಲ್ಲಿ ಮೇಜು, ಪುಸ್ತಕ, ಊರು ಎಲ್ಲ 'ಅದು'. ಚೆಕ್ಕಿನಲ್ಲಿ ಮೇಜು ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಊರು ನಪುಂಸಕ. 'ನಾನು ಇದ್ದೆ' ಎನ್ನಲು ಗಂಡಸು 'ಬಿಲ್ ಸೆಮ್' ಅಂದರೆ ಹೆಂಗಸು 'ಬಿಲ ಸೆಮ್' ಅನ್ನಬೇಕು. ಹಿಂದಿ ಬಲ್ಲವರಿಗೆ ಇದು ಹೊಸದಲ್ಲ. ಕ್ರಿಯಾಪದಗಳೂ ಜೋಡಿಯಾಗಿ ಬರುತ್ತವೆ: 'ಓದುತ್ತಿದ್ದೆ' ಎನ್ನಲು ಒಂದು, 'ಓದಿ ಮುಗಿಸಿದೆ' ಎನ್ನಲು ಇನ್ನೊಂದು.

ನನಗೆ ತುಂಬಾ ಖುಷಿ ಕೊಟ್ಟ ವಿಷಯ ಬೇರೆ. ಪಾಠದಲ್ಲಿ ಕಿಟಕಿಗೆ 'ಒಕ್ನೊ' ಎಂದು ಕಲಿಸುತ್ತಾರೆ. ಹೊರಗೆ ಬಂದರೆ ಪ್ರಾಗಿನ ಜನ 'ವೊಕ್ನೊ' ಅನ್ನುತ್ತಾರೆ. ನಮ್ಮ 'ಒಂದು' ಬಾಯಿಮಾತಿನಲ್ಲಿ 'ವಂದು' ಆಗುವುದಿಲ್ಲವೇ? ಚೆಕ್ಕಿಗೂ ಬರಹದ ರೂಪ ಒಂದು, ಆಡುಮಾತಿನ ರೂಪ ಇನ್ನೊಂದು. ಬ್ರ್ನೊದ ಕಡೆ ಮಾತಿನ ಧಾಟಿಯೂ ಬೇರೆ. ಪ್ರಾಗಿನವರು ಟ್ರಾಮಿಗೆ 'ತ್ರಮ್ವಯ್' ಅಂದರೆ ಬ್ರ್ನೊದವರು 'ಶಲಿನ' ಅನ್ನುತ್ತಾರೆ. ಧಾರವಾಡ, ಮೈಸೂರು, ಮಂಗಳೂರು ಮೂರನ್ನೂ ಕೇಳಿ ಬೆಳೆದ ಕಿವಿಗೆ ಇದು ಗೊಂದಲವಲ್ಲ. ತರಗತಿಯಲ್ಲಿ ಬೇರೆಯವರು ಕಂಗಾಲಾಗುವ ದಿನ ನೀವು ಆರಾಮಾಗಿ ಇರುತ್ತೀರಿ.

5. ಕೆಲವು ತಾರೀಕುಗಳನ್ನು ತಿಳಿದುಕೊಂಡು ಹೋಗಿ

ಮಧ್ಯಾಹ್ನದ ಉಪನ್ಯಾಸಗಳು ವೇಗವಾಗಿ ಸಾಗುತ್ತವೆ. ಕೆಳಗಿನಷ್ಟು ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ.

1348ರಲ್ಲಿ ದೊರೆ ನಾಲ್ಕನೆಯ ಚಾರ್ಲ್ಸ್ ಪ್ರಾಗಿನಲ್ಲಿ ವಿಶ್ವವಿದ್ಯಾಲಯ ಕಟ್ಟಿದ. 1415ರ ಜುಲೈ 6ರಂದು ಧರ್ಮಸುಧಾರಕ ಯಾನ್ ಹುಸ್‌ನನ್ನು ಕಾನ್‌ಸ್ಟಾನ್ಸ್ ಊರಿನಲ್ಲಿ ಜೀವಂತ ಸುಟ್ಟರು. ಜುಲೈ 5 ಮತ್ತು 6 ಎರಡೂ ಈಗ ರಾಷ್ಟ್ರೀಯ ರಜಾದಿನಗಳು, ನೀವು ಆ ವಾರ ಅಲ್ಲಿದ್ದರೆ ಕಚೇರಿ ಕೆಲಸ ಇಟ್ಟುಕೊಳ್ಳಬೇಡಿ. 1620ರ ನವೆಂಬರ್ 8ರಂದು ಪ್ರಾಗ್ ಬಳಿಯ ಬಿಳಿಬೆಟ್ಟದ ಕಾಳಗದಲ್ಲಿ ದಂಗೆ ಎದ್ದ ಚೆಕ್ ಸರದಾರರ ಪಡೆ ಆಸ್ಟ್ರಿಯಾದ ಹ್ಯಾಪ್ಸ್‌ಬರ್ಗ್ ಮನೆತನದ ದೊರೆಗೆ ಸೋತಿತು. ಮರುವರ್ಷ ಜೂನ್ 21ರಂದು ದಂಗೆಯ 27 ಜನರನ್ನು ಕೊಂದರು: 24 ಜನರ ತಲೆ ತೆಗೆದರು, ಮೂವರನ್ನು ನೇಣಿಗೆ ಹಾಕಿದರು. ಪ್ರಾಗಿನ ಹಳೆಯ ಊರಿನ ಚೌಕದಲ್ಲಿ ನೆಲದ ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. ಅಲ್ಲಿನ ಹೆಸರಾಂತ ಹಳೆಯ ಗಡಿಯಾರ ನೋಡಲು ಬಂದ ಜನ ಅವನ್ನು ತುಳಿದುಕೊಂಡೇ ಹೋಗುತ್ತಾರೆ. ನೀವು ಬಗ್ಗಿ ನೋಡಿ.

ಆ ಸೋಲಿನ ನಂತರ ಆಡಳಿತಕ್ಕೂ ಓದಿದವರ ಮಾತಿಗೂ ಜರ್ಮನ್ ಬಂತು. ಚೆಕ್ ಹಳ್ಳಿಯವರ, ಆಳುಗಳ ಭಾಷೆ ಎನಿಸಿಕೊಂಡಿತು. ಅದನ್ನು ಮೇಲೆತ್ತಿದ್ದು ಪದಕೋಶ, ವ್ಯಾಕರಣ ಬರೆದವರು. ಯೊಸೆಫ್ ಯುಂಗ್‌ಮನ್ 1835ರಿಂದ 1839ರವರೆಗೆ ಐದು ಸಂಪುಟಗಳ ಚೆಕ್–ಜರ್ಮನ್ ನಿಘಂಟು ಹೊರತಂದರು. ಜನ ಹಣ ಕೂಡಿಸಿ ರಾಷ್ಟ್ರೀಯ ರಂಗಮಂದಿರ ಕಟ್ಟಿದರು. 1881ರಲ್ಲಿ ತೆರೆದ ಎರಡೇ ತಿಂಗಳಿಗೆ ಅದು ಬೆಂಕಿಗೆ ಬಿತ್ತು. ಜನ ಮತ್ತೆ ಹಣ ಕೂಡಿಸಿದರು, 1883ರಲ್ಲಿ ಮತ್ತೆ ತೆರೆಯಿತು. ರಂಗದ ಮೇಲ್ಗಡೆ 'ನಾರೊತ್ ಸೊಬ್ಯೆ' ಎಂದು ಬರೆದಿದೆ, 'ನಾಡು ತನಗೇ ಕೊಟ್ಟುಕೊಂಡಿದ್ದು' ಎಂಬ ಅರ್ಥದಲ್ಲಿ. ನಾನು ಆ ಅಕ್ಷರಗಳ ಕೆಳಗೆ ಕೂತು ಕಣ್ಣು ಒರೆಸಿಕೊಂಡಿದ್ದೇನೆ. ಭಾಷೆಗಾಗಿ ಊರೂರಿನಲ್ಲಿ ಸಂಘ ಕಟ್ಟಿದ ನಮ್ಮ ಹಿರಿಯರು ನೆನಪಾದರು.

1918ರ ಅಕ್ಟೋಬರ್ 28ರಂದು ಚೆಕೊಸ್ಲೊವಾಕಿಯ ಹುಟ್ಟಿತು. 1939ರ ಮಾರ್ಚಿನಲ್ಲಿ ಹಿಟ್ಲರನ ಸೇನೆ ಬಂತು. 1942ರ ಜೂನ್ 10ರಂದು ಲಿದಿತ್ಸೆ ಎಂಬ ಹಳ್ಳಿಯನ್ನೇ ನಾಜಿಗಳು ಅಳಿಸಿಹಾಕಿದರು. ಪ್ರಾಗಿನ ಹತ್ತಿರದಲ್ಲೇ ಇದೆ, ಹೋಗಿ ಬನ್ನಿ. 1948ರಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. 1968ರ ಆಗಸ್ಟ್ 21ರಂದು ಸೋವಿಯತ್ ನೇತೃತ್ವದ ಟ್ಯಾಂಕುಗಳು ಬಂದವು. ಈಗಲೂ ಆಗಸ್ಟ್ 21ರಂದು ನೀವು ಪ್ರಾಗಿನಲ್ಲಿದ್ದರೆ, ಅಂದು ಸತ್ತವರ ನೆನಪಿಗೆ ವಿನೊಹ್ರದ್ಸ್ಕಾ ಬೀದಿಯ ರೇಡಿಯೊ ಕಟ್ಟಡದ ಮುಂದೆ ಹೂವಿಡಲು ಬರುವವರನ್ನು ನೋಡಬಹುದು. 1968ರ ಆ ದಾಳಿಯ ನಂತರ ದೇಶ ಬಿಟ್ಟವರಲ್ಲಿ ಕಾಮಿಲ್ ಜ್ವೆಲೆಬಿಲ್ ಕೂಡ ಒಬ್ಬರು. ತಮಿಳು ಮತ್ತು ದ್ರಾವಿಡ ಭಾಷೆಗಳ ಅಧ್ಯಯನಕ್ಕೆ ಬದುಕು ಕೊಟ್ಟ ವಿದ್ವಾಂಸರು ಅವರು. 1989ರ ನವೆಂಬರ್ 17ರಂದು ವಿದ್ಯಾರ್ಥಿಗಳಿಂದ ಕಮ್ಯುನಿಸ್ಟ್ ಆಡಳಿತದ ವಿರುದ್ಧ ಕ್ರಾಂತಿ ಶುರುವಾಯಿತು. 1993ರ ಜನವರಿ 1ಕ್ಕೆ ಚೆಕ್, ಸ್ಲೊವಾಕಿಯ ಬೇರೆ ಬೇರೆ ದೇಶಗಳಾದವು.

6. ಹಣ, ಊಟ, ಚೀಲ

ಅಲ್ಲಿ ನಡೆಯುವುದು ಯೂರೊ ಅಲ್ಲ, ಕೊರೂನ. ಎಟಿಎಂ 'ರೂಪಾಯಿಯಲ್ಲಿ ಲೆಕ್ಕ ಹಾಕಲೇ' ಎಂದು ಕೇಳಿದರೆ ಬೇಡ ಅನ್ನಿ, ಕೊರೂನದಲ್ಲೇ ತೆಗೆಯಿರಿ. ಬೀದಿಯ ಅಂಗಡಿಯಲ್ಲಿ ಹಣ ಬದಲಿಸಿ ಮೋಸ ಎನಿಸಿದರೆ ಮೂರು ಗಂಟೆಯೊಳಗೆ ರಸೀದಿ ತೋರಿಸಿ ವಾಪಸು ಪಡೆಯಲು ಕಾನೂನಿದೆ, 1,000 ಯೂರೊವರೆಗೆ. ನೋಟುಗಳನ್ನು ಹಾಗೇ ಖರ್ಚು ಮಾಡಬೇಡಿ, ಒಮ್ಮೆ ನೋಡಿ: 100ರ ಮೇಲೆ ನಾಲ್ಕನೆಯ ಚಾರ್ಲ್ಸ್, 200ರ ಮೇಲೆ ಶಿಕ್ಷಣತಜ್ಞ ಕೊಮೆನ್ಸ್ಕೀ, 500ರ ಮೇಲೆ ಲೇಖಕಿ ಬೊಜೆನ ನ್ಯೆಮ್ತ್ಸೊವಾ.

ಸಸ್ಯಾಹಾರಿಗಳು 'ಬೆಜ಼್ ಮಸ' ಎಂಬ ಎರಡು ಪದ ಕಲಿತಿರಲಿ. 'ಮಸೊ' ಅಂದರೆ ಮಾಂಸ, ಇದೂ ಒಬ್ಬ ನೆಂಟ. ಕರಿದ ಚೀಸ್, ಹಣ್ಣು ತುಂಬಿದ ಕಡುಬು, ಆಲೂಗಡ್ಡೆಯ ದೋಸೆಯಂಥ 'ಬ್ರಂಬೊರಾಕ್' ಸಿಗುತ್ತವೆ. ಬ್ರಂಬೊರಾಕನ್ನು ಹಂದಿ ಕೊಬ್ಬಿನಲ್ಲಿ ಕರಿದಿರಬಹುದು, ಕೇಳಿ. ಸೂಪು ಕೂಡ ಅಷ್ಟೇ. ಒಂದು ಹೋಟೆಲಿನಲ್ಲಿ ಬೇಳೆ ಸೂಪು ಅಂತ ನಂಬಿ ತರಿಸಿದೆ, ಚಮಚ ಹಾಕಿದರೆ ತಳದಲ್ಲಿ ಸಾಸೇಜು. ಅಂಗಡಿಯಲ್ಲಿ 'ಕ್ಮೀನ್' ಎಂದು ಬರೆದ ಪೊಟ್ಟಣ ಜೀರಿಗೆಯಂತೆ ಕಂಡರೂ ಅದು ಶಾಹಿ ಜೀರಿಗೆಯಂಥ ಬೇರೆ ಕಾಳು. ನಮ್ಮ ಜೀರಿಗೆಗೆ ಅವರು 'ರ್ಝಿಮ್ಸ್ಕೀ ಕ್ಮೀನ್' ಅನ್ನುತ್ತಾರೆ. ಚಟ್ನಿಪುಡಿ, ಹುರಿದ ಅವಲಕ್ಕಿ ಮನೆಯಿಂದ ಒಯ್ಯಿರಿ. ನಲ್ಲಿ ನೀರು ಕುಡಿಯಬಹುದು.

ಹಗಲು 30 ಡಿಗ್ರಿ ಮುಟ್ಟಿದರೂ ರಾತ್ರಿ ತಂಪು, ನಡುನಡುವೆ ಗುಡುಗು ಮಳೆ. ಒಂದು ಸ್ವೆಟರ್, ಒಂದು ಕೊಡೆ ಸಾಕು. ನಮ್ಮ ಎರಡು ಕಡ್ಡಿಯ ದುಂಡು ಪ್ಲಗ್ ಅಲ್ಲಿ ಹಿಡಿಸುತ್ತದೆ, ಮೂರು ಕಡ್ಡಿಯದಕ್ಕೆ ಅಡಾಪ್ಟರ್ ಬೇಕು. ಮನೆಯೊಳಗೆ ಹಾಕಲು ಚಪ್ಪಲಿ ಮರೆಯಬೇಡಿ. ಅವರೂ ನಮ್ಮ ಹಾಗೆ ಶೂ ಬಾಗಿಲಲ್ಲೇ ಬಿಡುವ ಜನ.

7. ಅಲ್ಲಿ ಇಳಿದ ಮೇಲೆ

ಮೊದಲ ದಿನ ಮಟ್ಟ ಅಳೆಯುವ ಪರೀಕ್ಷೆ ಇರುತ್ತದೆ. ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಬರೆದು ಮೇಲಿನ ತರಗತಿ ಸೇರಬೇಡಿ. ಸೇರಿದ ತರಗತಿ ಹೊಂದದಿದ್ದರೆ ಎರಡು ಮೂರು ದಿನದೊಳಗೆ ಶಿಕ್ಷಕರಿಗೆ ಹೇಳಿ, ಬದಲಿಸಿಕೊಡುತ್ತಾರೆ. ಅಂಗಡಿಗೆ ಹೋದರೆ, ಲಿಫ್ಟ್ ಹತ್ತಿದರೆ 'ದೊಬ್ರೀ ದೆನ್' ಎನ್ನಿ, ಹೊರಡುವಾಗ 'ನ ಸ್ಖ್ಲೆದನೊಉ' ಎನ್ನಿ. ಹಿರಿಯರಿಗೆ, ಗುರುತಿಲ್ಲದವರಿಗೆ 'ವಿ', ಗೆಳೆಯರಿಗೆ 'ತಿ'. ನೀವು, ನೀನು ಬಳಸುವ ನಿಮಗೆ ಎಲ್ಲಿ ಯಾವುದು ಎಂದು ಹೇಳಿಕೊಡಬೇಕಿಲ್ಲ. ಅವರು ಕರೆಯುವಾಗ ನಿಮ್ಮ ಹೆಸರೂ ಬದಲಾಗುತ್ತದೆ. ಸುಮಾ ಇದ್ದವರು 'ಸುಮೊ' ಆಗುತ್ತೀರಿ, ಲತಾ ಇದ್ದವರು 'ಲತೊ'. ಅದು ಐದನೆಯ ವಿಭಕ್ತಿ, ತಪ್ಪು ಉಚ್ಚಾರಣೆಯಲ್ಲ. 'ಅನೊ' ಅಂದರೆ ಹೌದು ಎಂಬುದನ್ನೂ ಮೊದಲ ದಿನವೇ ನೆನಪಿಟ್ಟುಕೊಳ್ಳಿ, ಇಂಗ್ಲಿಷಿನ 'ನೋ' ಥರ ಕೇಳಿಸುತ್ತದೆ.

ಟ್ರಾಮಿನಲ್ಲಿ ಕಾಗದದ ಟಿಕೆಟು ಕೊಂಡರೆ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟಿಗೂ ದಂಡ ಬೀಳುತ್ತದೆ. ಹಾಸ್ಟೆಲಿನಲ್ಲಿ ಇರುವವರ ವಿವರವನ್ನು ಪೊಲೀಸರಿಗೆ ಹಾಸ್ಟೆಲಿನವರೇ ಕೊಡುತ್ತಾರೆ. ಪರಿಚಯದವರ ಮನೆಯಲ್ಲಿ ಉಳಿದರೆ ಮೂರು ಕೆಲಸದ ದಿನಗಳೊಳಗೆ ಆ ಕೆಲಸ ಆಗಬೇಕು, ಮನೆಯವರನ್ನು ಕೇಳಿ ಖಚಿತ ಮಾಡಿಕೊಳ್ಳಿ. ತುರ್ತು ಕರೆ 112.

ಒಂದು ನಿಯಮ ಹಾಕಿಕೊಳ್ಳಿ: ದಿನಕ್ಕೆ ಒಂದು ಕೆಲಸ ಪೂರ್ತಿ ಚೆಕ್ಕಿನಲ್ಲೇ ಮಾಡುವುದು. ಬ್ರೆಡ್ಡು ಕೊಳ್ಳುವುದು, ಅಂಚೆ ಚೀಟಿ ಕೇಳುವುದು, ರೈಲು ಟಿಕೆಟು ಪಡೆಯುವುದು. ಕೌಂಟರಿನವರು ಇಂಗ್ಲಿಷಿಗೆ ಹೊರಳಿದರೆ 'ಪ್ರೊಸೀಮ್, ಚೆಸ್ಕಿ' ಎನ್ನಿ. ಭಾರತದವರೇ ನಾಲ್ಕು ಜನ ಸಿಕ್ಕಿದರೆ ಜೊತೆಗೆ ಊಟ ಮಾಡಿ, ಆದರೆ ಕೋಣೆಗೆ ಬೇರೆ ದೇಶದವರನ್ನು ಕೇಳಿಕೊಳ್ಳಿ. ಪೋಲೆಂಡಿನವರೋ ಜಪಾನಿನವರೋ ಸಿಕ್ಕರೆ ಇಬ್ಬರಿಗೂ ಹೊಂದುವ ಭಾಷೆ ಚೆಕ್ಕೇ ಆಗಬಹುದು.

8. ಮರಳುವ ಮೊದಲು

ಕೊನೆಯ ವಾರದ ಪರೀಕ್ಷೆ ಬರೆದು, ಮಟ್ಟ ಮತ್ತು ಪಾಠದ ಗಂಟೆಗಳನ್ನು ನಮೂದಿಸಿದ ಪ್ರಮಾಣಪತ್ರ ಕೇಳಿ ಪಡೆಯಿರಿ. ಕ್ರೆಡಿಟ್ ಬೇಕಿದ್ದರೆ ಅದನ್ನೂ ಅಲ್ಲೇ ಬರೆಸಿಕೊಳ್ಳಿ, ಊರಿಗೆ ಬಂದ ಮೇಲೆ ಇಮೇಲಿನಲ್ಲಿ ಬರೆಸಿಕೊಳ್ಳುವುದು ಕಷ್ಟ. ಮುಂದೆ ಅಲ್ಲೇ ಓದುವ ಮನಸ್ಸಿದ್ದರೆ ಒಂದು ವಿಷಯ ತಿಳಿದಿರಲಿ. ಚೆಕ್ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಚೆಕ್ ಭಾಷೆಯಲ್ಲೇ ಓದಿದರೆ ಹೊರದೇಶದವರಿಗೂ ಬೋಧನಾ ಶುಲ್ಕ ಇಲ್ಲ. ಅದಕ್ಕೆ ಸಾಮಾನ್ಯವಾಗಿ ಬಿ2 ಮಟ್ಟದ, ಅಂದರೆ ಮಧ್ಯಮಕ್ಕಿಂತ ಮೇಲಿನ ಭಾಷೆ ಬೇಕಾಗುತ್ತದೆ, ಒಂದು ಬೇಸಿಗೆಗೆ ಅದು ಬರುವುದಿಲ್ಲ. ವರ್ಷದ ಕೋರ್ಸು ಬೇಕು. ಅದರ ವೀಸಾ 90 ದಿನ ಮೀರುವ ಬೇರೆಯೇ ವೀಸಾ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ಆ ಕೋರ್ಸಿನ ಕಚೇರಿ ಎಲ್ಲಿದೆ, ಅರ್ಜಿ ಯಾವಾಗ ಎಂಬುದನ್ನು ಆಗಸ್ಟಿನಲ್ಲಿ ನೀವು ಇನ್ನೂ ಅಲ್ಲಿರುವಾಗಲೇ, ಹೊಸದಾಗಿ ಕಲಿತ ಚೆಕ್ಕಿನಲ್ಲೇ ಹೋಗಿ ಕೇಳಿಕೊಂಡು ಬನ್ನಿ.